ಪಾಲಿಕೆಯ ಟೆಂಡರೂ ನಮ್ಮ ಸಂಘಗಳೂ

ವಾಚನಾಲಯಕ್ಕೆ ಬರುವ ನಮ್ಮ ಬಾಂಧವರು ದಿನಪತ್ರಿಕೆ ಕೈಗೆ ಸಿಕ್ಕೊಡನೆ ಮೊದಲು ಊರಿನ ಸುದ್ದಿ ಹುಡುಕುತ್ತಾರೆ. ಅನಂತರ ‘ಬೇಕಾಗಿದ್ದಾರೆ’ ಎಂಬ ಅಂಕಣ ನೋಡುತ್ತಾರೆ. ಸಣ್ಣ ಅಕ್ಷರಗಳಲ್ಲಿ ಒತ್ತೊತ್ತಾಗಿ ಅಚ್ಚಾದ ಇನ್ನೊಂದು ಪುಟವನ್ನು ಮಾತ್ರ ಓದದೆಯೇ ಮಗುಚಿಬಿಡುತ್ತಾರೆ. ಅದು ಟೆಂಡರು ಪ್ರಕಟಣೆಗಳ ಪುಟ. ‘ಅದು ದೊಡ್ಡ ಗುತ್ತಿಗೆದಾರರ ವ್ಯವಹಾರ, ನಮಗೇತಕ್ಕೆ?’ ಎಂಬುದು ಸಾಮಾನ್ಯ ಭಾವನೆ.

ಆದರೆ ಆ ಪುಟದಲ್ಲಿ ಇರುವುದೇನು? ಮುನಿಸಿಪಲ್ ಶಾಲೆಗಳನ್ನು ಗುಡಿಸಿ ತೊಳೆಯುವ ಕೆಲಸ, ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುವ ಕೆಲಸ, ಸಾರ್ವಜನಿಕ ಶೌಚಾಲಯ ನಡೆಸುವ ಕೆಲಸ, ಉದ್ಯಾನಕ್ಕೆ ನೀರುಣಿಸುವ ಕೆಲಸ, ಮನೆಮನೆಯ ಕಸ ತಂದು ವಿಂಗಡಿಸುವ ಕೆಲಸ, ಮನೆಯಿಲ್ಲದವರ ರಾತ್ರಿ ವಸತಿಗೃಹ ನೋಡಿಕೊಳ್ಳುವ ಕೆಲಸ. ಇವುಗಳನ್ನು ಕೊನೆಗೆ ತಮ್ಮ ಕೈಯಿಂದ ಮಾಡುವವರು ಯಾರು? ನಾಡಿನಿಂದ ಹೊಟ್ಟೆಪಾಡಿಗೆ ಬಂದ ನಮ್ಮಂಥವರೇ. ನಡುವೆ ಗುತ್ತಿಗೆದಾರ ನಿಂತಿರುತ್ತಾನೆ. ಪಾಲಿಕೆ ಕೊಟ್ಟ ರೂಪಾಯಿ ಅವನ ಕೈ ದಾಟಿ ಬರುವಷ್ಟರಲ್ಲಿ ಸವೆದಿರುತ್ತದೆ. ಹಾಗಿದ್ದಲ್ಲಿ ಮಹಿಳಾ ಮಂಡಲಿ, ಕಾರ್ಮಿಕರ ಸಹಕಾರ ಸಂಘ, ಬಡಾವಣೆಯ ಸೇವಾ ಸಮಿತಿ ಇವೇ ನೇರವಾಗಿ ಆ ಕೆಲಸವನ್ನು ಏಕೆ ವಹಿಸಿಕೊಳ್ಳಬಾರದು? ವಹಿಸಿಕೊಳ್ಳಬಹುದು. ಹೇಗೆ, ಯಾವ ಎಚ್ಚರದಿಂದ ಎಂಬುದೇ ಈ ಪಾಠದ ವಿಷಯ. ಪಾಠದ ತಿರುಳನ್ನು ಮೊದಲೇ ಹೇಳಿಬಿಡುತ್ತೇವೆ: ಟೆಂಡರು ಗೆಲ್ಲುವುದೇ ಗೆಲುವಲ್ಲ, ದುಡಿದವನ ಕೂಲಿಯನ್ನು ಕಡಿಯದೆ ಗೆಲ್ಲುವುದು ಗೆಲುವು.

1. ಅನುದಾನ ಬೇರೆ, ಗುತ್ತಿಗೆ ಬೇರೆ

ನಮ್ಮ ಸಂಘಗಳಿಗೆ ಅನುದಾನದ ಪರಿಚಯವಿದೆ. ನಾವು ರಾತ್ರಿ ಶಾಲೆಯನ್ನೋ ವಾಚನಾಲಯವನ್ನೋ ನಡೆಸುತ್ತಿರುತ್ತೇವೆ. ಅದು ಒಳ್ಳೆಯದೆಂದು ಕಂಡು ಸರಕಾರವೋ ದಾನಿಗಳೋ ಒಂದಿಷ್ಟು ಹಣ ಕೊಡುತ್ತಾರೆ. ಇಲ್ಲಿ ಕೆಲಸ ನಮ್ಮದು, ನೆರವು ಅವರದು. ಗುತ್ತಿಗೆಯಲ್ಲಿ ಇದು ತಿರುವುಮುರುವಾಗುತ್ತದೆ. ಕೆಲಸ ಪಾಲಿಕೆಯದು; ಅದನ್ನು ಇಷ್ಟು ಹಣಕ್ಕೆ, ಇಷ್ಟು ದಿನ, ಈ ರೀತಿಯಲ್ಲಿ ಮಾಡಿಕೊಡುತ್ತೇವೆಂದು ನಾವು ಬರೆದುಕೊಡುತ್ತೇವೆ. ಮಾಡದಿದ್ದರೆ ದಂಡ ತೆರಬೇಕು. ಅನುದಾನ ನಿಂತರೆ ಸಂಘ ಸೊರಗುತ್ತದೆ, ಅಷ್ಟೆ. ಗುತ್ತಿಗೆ ಕೆಟ್ಟರೆ ಸಂಘ ಸಾಲಗಾರನಾಗುತ್ತದೆ. ಈ ವ್ಯತ್ಯಾಸವನ್ನು ಕಾರ್ಯಕಾರಿ ಸಮಿತಿಯ ಪ್ರತಿಯೊಬ್ಬ ಸದಸ್ಯನೂ ತಿಳಿದಿರತಕ್ಕದ್ದು.

ಪಾಲಿಕೆಗಳಿಗೆ ಇಷ್ಟೊಂದು ಕೆಲಸ ಎಲ್ಲಿಂದ ಬಂತು? 1992ರಲ್ಲಿ ಅಂಗೀಕಾರವಾಗಿ 1993ರ ಜೂನಿನಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರಾಡಳಿತಗಳ ವಿಷಯವನ್ನು ಸಂವಿಧಾನದಲ್ಲಿಯೇ ಸೇರಿಸಿತು. ಹನ್ನೆರಡನೆಯ ಅನುಸೂಚಿಯಲ್ಲಿ 18 ಬಾಬುಗಳಿವೆ: ನೀರು, ನೈರ್ಮಲ್ಯ, ಕೊಳಚೆ ಪ್ರದೇಶಗಳ ಸುಧಾರಣೆ, ಉದ್ಯಾನ, ದುರ್ಬಲ ವರ್ಗಗಳ ಹಿತರಕ್ಷಣೆ ಮುಂತಾದವು. ಈ ಎಲ್ಲ ಕೆಲಸಕ್ಕೆ ಬೇಕಾದಷ್ಟು ಖಾಯಂ ನೌಕರರು ಪಾಲಿಕೆಗಳಲ್ಲಿಲ್ಲ. ಆದುದರಿಂದ ಹೊರಗಿನವರಿಗೆ ವಹಿಸುವ ಪದ್ಧತಿ ಬೆಳೆಯಿತು.

2. ದಾರಿ ತೋರಿಸಿದವರು

ಇದು ಆಗದ ಮಾತಲ್ಲ ಎಂಬುದಕ್ಕೆ ನೂರು ವರ್ಷದ ಸಾಕ್ಷಿ ಇದೆ. 1925ರಲ್ಲಿ, ನಮ್ಮ ದಕ್ಷಿಣ ಕನ್ನಡವೂ ಮಲಬಾರವೂ ಒಂದೇ ಮದರಾಸು ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, ವಡಗರೆಯ ಬಳಿಯ ಊರಾಳುಂಗಲ್ ಎಂಬಲ್ಲಿ ಹಿಡಿಯಷ್ಟು ಕೂಲಿಕಾರರು ಕೂಡಿ ಒಂದು ಸಹಕಾರ ಸಂಘ ಕಟ್ಟಿದರು. ಸಮಾಜ ಸುಧಾರಕರಾದ ವಾಗ್ಭಟಾನಂದರ ಅನುಯಾಯಿಗಳು ಅವರು. ಜಾತಿಯ ಕಟ್ಟುಪಾಡನ್ನು ಎದುರಿಸಿದ್ದಕ್ಕಾಗಿ ಊರಿನ ಧಣಿಗಳು ಅವರಿಗೆ ಕೆಲಸ ಕೊಡದಾದರು. ಕೆಲಸ ಕೊಡುವವರಿಲ್ಲದ ಮೇಲೆ ಕೆಲಸವನ್ನೇ ತಾವು ಗುತ್ತಿಗೆ ಹಿಡಿಯಬೇಕೆಂದು ಅವರು ನಿಶ್ಚಯಿಸಿದರು. ಸಣ್ಣಪುಟ್ಟ ಕೆಲಸಗಳಿಂದ ತೊಡಗಿದ ಆ ಸಂಘ ಮುಂದೆ ಕೇರಳದ ಹೆದ್ದಾರಿಗಳನ್ನೂ ಸೇತುವೆಗಳನ್ನೂ ಕಟ್ಟುವಷ್ಟು ಬೆಳೆಯಿತು. ದುಡಿಯುವವರೇ ಸದಸ್ಯರು, ಅವರಲ್ಲಿಂದಲೇ ಆಡಳಿತ ಮಂಡಳಿ.

ಎರಡನೆಯ ಉದಾಹರಣೆ ಪುಣೆಯದು. ಬೀದಿಯಲ್ಲಿ ಕಾಗದ, ಪ್ಲಾಸ್ಟಿಕ್ಕು ಆಯುವ ಹೆಂಗಸರು 1993ರಲ್ಲಿ ಕಾಗದ ಕಾಚ ಪತ್ರಾ ಕಷ್ಟಕರೀ ಪಂಚಾಯತ್ ಎಂಬ ಸಂಘಟನೆ ಕಟ್ಟಿದರು. ಹಮಾಲರನ್ನು ಸಂಘಟಿಸಿದ್ದ ಡಾ. ಬಾಬಾ ಆಢಾವ ಅವರ ಬೆಂಬಲವೂ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದವರ ದುಡಿಮೆಯೂ ಅದಕ್ಕಿದ್ದವು. ಮೊದಲ ದಿನವೇ ಅವರು ಗುತ್ತಿಗೆ ಕೇಳಲಿಲ್ಲ. ಮೊದಲು ಗುರುತಿನ ಚೀಟಿ, ಆಮೇಲೆ ಪತ್ತು ಮತ್ತು ವಿಮೆ, ಆಮೇಲೆ ಮನೆಮನೆಯ ಕಸ ಸಂಗ್ರಹದ ಪ್ರಯೋಗ. ಅದರ ನಂತರ ಆಯುವವರೇ ಒಡೆಯರಾದ ‘ಸ್ವಚ್ಛ್’ ಎಂಬ ಸಹಕಾರ ಸಂಸ್ಥೆ ಹುಟ್ಟಿ, 2008ರಲ್ಲಿ ಪುಣೆ ಮಹಾನಗರಪಾಲಿಕೆಯೊಡನೆ ಐದು ವರ್ಷಗಳ ಒಪ್ಪಂದವಾಯಿತು. ಹದಿನೈದು ವರ್ಷ ಬುನಾದಿ ಹಾಕಿದ ಮೇಲೆ ಎದ್ದ ಗೋಡೆ ಅದು. ಅಷ್ಟಾದರೂ ಅವಧಿ ಮುಗಿದಾಗಲೆಲ್ಲ ನವೀಕರಣಕ್ಕಾಗಿ ಅವರು ಹೋರಾಡಬೇಕಾಯಿತು. 2020ರ ಕೊನೆಗೆ ಖಾಸಗಿ ಕಂಪೆನಿಗೆ ಕೊಡುವ ಮಾತೂ ಬಂದಿತ್ತು. ಒಪ್ಪಂದ ಎಂದರೆ ಪಿತ್ರಾರ್ಜಿತ ಆಸ್ತಿಯಲ್ಲ ಎಂಬುದೂ ಇದರಿಂದ ಕಲಿಯತಕ್ಕ ಪಾಠ.

3. ಟೆಂಡರು ಕಾಗದವನ್ನು ಓದುವ ಕ್ರಮ

ಟೆಂಡರು ಕಾಗದ ನೂರು ಪುಟವಿದ್ದರೂ ಅದರೊಳಗೆ ಇರುವುದು ಐದೇ ಪ್ರಶ್ನೆಗಳಿಗೆ ಉತ್ತರ. ಪೆನ್ಸಿಲು ಹಿಡಿದು ಈ ಐದನ್ನು ಹುಡುಕಬೇಕು.

ಒಂದನೆಯದು: ಯಾರು ಅರ್ಜಿ ಹಾಕಬಹುದು? ಇದನ್ನು ಅರ್ಹತೆಯ ಶರತ್ತು ಎನ್ನುತ್ತಾರೆ. ನೋಂದಾಯಿತ ಸಂಸ್ಥೆಯೋ, ಎಷ್ಟು ವರ್ಷದ ಅನುಭವ, ವರ್ಷಕ್ಕೆ ಎಷ್ಟು ಹಣದ ವ್ಯವಹಾರ ಇತ್ಯಾದಿ. ಇದರಲ್ಲಿ ಒಂದು ತಪ್ಪಿದರೂ ಉಳಿದದ್ದನ್ನು ಯಾರೂ ನೋಡುವುದಿಲ್ಲ. ಆದುದರಿಂದ ಮೊದಲು ಓದಬೇಕಾದ ಪುಟ ಇದೇ.

ಎರಡನೆಯದು: ಮಾಡಬೇಕಾದ ಕೆಲಸವೇನು? ಎಷ್ಟು ಶಾಲೆ, ಎಷ್ಟು ಕೋಣೆ, ದಿನಕ್ಕೆ ಎಷ್ಟು ಸಲ, ರಜಾದಿನಗಳಲ್ಲಿ ಉಂಟೋ ಇಲ್ಲವೋ, ಫಿನೈಲು ಪೊರಕೆ ಯಾರದು, ನೀರು ವಿದ್ಯುತ್ತು ಯಾರದು. ಕಾಗದದಲ್ಲಿ ನೋಡಿದ್ದು ಸಾಲದು. ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡಬೇಕು. ‘ಶೌಚಾಲಯ 12’ ಎಂದು ಬರೆದಿರುತ್ತದೆ. ಅವುಗಳಲ್ಲಿ ನಲ್ಲಿ ಇರುವುದು ಎಷ್ಟಕ್ಕೆ ಎಂಬುದು ಹೋಗಿ ನೋಡಿದವನಿಗೇ ಗೊತ್ತು.

ಮೂರನೆಯದು: ಠೇವಣಿ ಎಷ್ಟು? ಅರ್ಜಿಯೊಡನೆ ಕಟ್ಟುವುದು ಬಯಾನಾ ಠೇವಣಿ. ಸೋತವರಿಗೆ ಅದು ಮರಳುತ್ತದೆ. ಗೆದ್ದವರು ಕಟ್ಟುವುದು ಭದ್ರತಾ ಠೇವಣಿ. ಕೆಲಸ ಮುಗಿಯುವ ತನಕ ಅದು ಪಾಲಿಕೆಯಲ್ಲಿ ಉಳಿಯುತ್ತದೆ. ಕೇಂದ್ರ ಸರಕಾರದ ಖರೀದಿಗಳಲ್ಲಿ ನೋಂದಾಯಿತ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ 2012ರ ಆಜ್ಞೆಯ ಪ್ರಕಾರ ಬಯಾನಾ ಠೇವಣಿಯ ವಿನಾಯಿತಿ ಇದೆ. ಪಾಲಿಕೆಗಳು ತಮ್ಮ ತಮ್ಮ ರಾಜ್ಯದ ನಿಯಮದಂತೆ ನಡೆಯುವುದರಿಂದ, ಇಲ್ಲಿಯೂ ವಿನಾಯಿತಿ ಉಂಟೇ ಎಂಬುದನ್ನು ಆಯಾ ಕಾಗದದಲ್ಲಿಯೇ ನೋಡಬೇಕು.

ನಾಲ್ಕನೆಯದು: ಹಣ ಯಾವಾಗ ಬರುತ್ತದೆ, ಏನೇನು ಕಡಿತವಾಗುತ್ತದೆ? ದಂಡದ ಪಟ್ಟಿಯೂ ಇಲ್ಲಿಯೇ ಇರುತ್ತದೆ. ಒಂದು ದಿನ ಒಬ್ಬ ಕೆಲಸಗಾರ ಬಾರದಿದ್ದರೆ ಎಷ್ಟು ದಂಡ ಎಂಬುದನ್ನು ಓದದೆ ಸಹಿ ಹಾಕಬಾರದು.

ಐದನೆಯದು: ಗೆದ್ದವರನ್ನು ಆರಿಸುವ ಬಗೆ ಯಾವುದು? ಸಾಮಾನ್ಯವಾಗಿ ಎರಡು ಲಕೋಟೆಗಳ ಪದ್ಧತಿ ಇರುತ್ತದೆ. ಮೊದಲ ಲಕೋಟೆಯಲ್ಲಿ ಅರ್ಹತೆಯ ದಾಖಲೆಗಳು. ಅದರಲ್ಲಿ ಉತ್ತೀರ್ಣರಾದವರ ಎರಡನೆಯ ಲಕೋಟೆಯನ್ನು, ಅಂದರೆ ದರದ ಲಕೋಟೆಯನ್ನು, ತೆರೆಯುತ್ತಾರೆ. ಮೊದಲ ಲಕೋಟೆಯೊಳಗೆ ದರ ಬರೆದರೆ ಅರ್ಜಿ ತಿರಸ್ಕೃತವಾಗುತ್ತದೆ. ಕೆಲವು ಕಡೆ ಕಡಿಮೆ ದರದವನಿಗೇ ಕೆಲಸ; ಕೆಲವು ಕಡೆ ಗುಣಕ್ಕೂ ಅಂಕವಿರುತ್ತದೆ. ಎರಡನೆಯ ಬಗೆಯ ಟೆಂಡರು ನಮ್ಮಂಥ ಸಂಘಗಳಿಗೆ ಹೆಚ್ಚು ಅನುಕೂಲ.

ಈಗ ಈ ಲಕೋಟೆಗಳೆಲ್ಲ ಹೆಚ್ಚಾಗಿ ಗಣಕಯಂತ್ರದೊಳಗಿನ ಲಕೋಟೆಗಳು. ಮಹಾರಾಷ್ಟ್ರದಲ್ಲಿ ‘ಮಹಾಟೆಂಡರ್ಸ್’ ಎಂಬ ಸರಕಾರೀ ಜಾಲತಾಣವಿದೆ. ಬೇರೆ ರಾಜ್ಯಗಳಲ್ಲಿಯೂ ಅಂಥವಿವೆ. ತಮಿಳುನಾಡಿನಲ್ಲಿ 1998ರಲ್ಲಿ, ಕರ್ನಾಟಕದಲ್ಲಿ 1999ರಲ್ಲಿ ಟೆಂಡರಿನ ಪಾರದರ್ಶಕತೆಗಾಗಿಯೇ ಪ್ರತ್ಯೇಕ ಕಾಯಿದೆಗಳಾದವು. ಅರ್ಜಿ ಹಾಕಲು ಸಂಘದ ಅಧಿಕೃತ ವ್ಯಕ್ತಿಯ ಡಿಜಿಟಲ್ ಸಹಿ ಬೇಕು. ಕೊನೆಯ ದಿನ ಕೊನೆಯ ಗಂಟೆಯಲ್ಲಿ ಕೂತರೆ ಯಂತ್ರ ಕೈಕೊಡುವುದುಂಟು. ಎರಡು ದಿನ ಮುಂಚೆಯೇ ಮುಗಿಸಬೇಕು. ಪ್ರಕಟಣೆಯ ನಂತರ ಹೊರಡುವ ತಿದ್ದುಪಡಿ ಪತ್ರಗಳನ್ನು ಸಹ ದಿನವೂ ನೋಡುತ್ತಿರಬೇಕು.

4. ಕಪಾಟಿನಲ್ಲಿ ಸಿದ್ಧವಿರತಕ್ಕ ಕಾಗದಗಳು

ಸಾಮಾನ್ಯವಾಗಿ ಟೆಂಡರು ಪ್ರಕಟವಾಗಿ ಅರ್ಜಿ ಮುಗಿಯುವ ತನಕ ಸಿಗುವುದು ಕೆಲವೇ ವಾರ. ಆಗ ಕಾಗದ ಹುಡುಕತೊಡಗಿದರೆ, ಬಾಯಾರಿದಾಗ ಬಾವಿ ತೋಡಿದಂತೆ. ಕೆಳಗಿನವು ಯಾವಾಗಲೂ ಒಂದೇ ಫೈಲಿನಲ್ಲಿರಲಿ.

ನೋಂದಣಿ ಪತ್ರ ಮತ್ತು ನಿಯಮಾವಳಿ. ಸಂಘಗಳು ಸಾಮಾನ್ಯವಾಗಿ 1860ರ ಸೊಸೈಟಿ ನೋಂದಣಿ ಕಾಯಿದೆ ಅಥವಾ ಆಯಾ ರಾಜ್ಯದ ಕಾಯಿದೆಯಂತೆ, ಇಲ್ಲವೆ ಸಹಕಾರ ಕಾಯಿದೆಯಂತೆ ನೋಂದಾಯಿತವಾಗಿರುತ್ತವೆ. ಸಹಕಾರದ ದಾರಿ ನಮಗೆ ಹೊಸದಲ್ಲ. 1905ರಲ್ಲಿ ಗದುಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಕೂಲಿ ಮಾಡುವವರೇ ಸದಸ್ಯರಾಗಿ ಲಾಭ ಹಂಚಿಕೊಳ್ಳಬೇಕೆಂದಿದ್ದರೆ ಸಹಕಾರ ಸಂಘವೇ ತಕ್ಕ ರೂಪ. ಧರ್ಮಾರ್ಥ ಸಂಸ್ಥೆಯಾದರೆ, ಗುತ್ತಿಗೆಯ ಆದಾಯದಿಂದ ತೆರಿಗೆ ವಿನಾಯಿತಿಗೆ ತೊಡಕಾಗದಂತೆ ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿಕೊಳ್ಳಬೇಕು. ನಿಯಮಾವಳಿಯ ಉದ್ದೇಶಗಳಲ್ಲಿ ಈ ಬಗೆಯ ಕೆಲಸಕ್ಕೆ ಅವಕಾಶವಿದೆಯೇ ಎಂಬುದನ್ನೂ ನೋಡಬೇಕು.

ಮೂರು ವರ್ಷಗಳ ಲೆಕ್ಕಪರಿಶೋಧನೆಯಾದ ಜಮಾಖರ್ಚು. ಪ್ಯಾನ್ ಸಂಖ್ಯೆ, ಬ್ಯಾಂಕು ಖಾತೆ, ಭವಿಷ್ಯನಿಧಿ ಮತ್ತು ಇ.ಎಸ್.ಐ. ನೋಂದಣಿ. ಜಿ.ಎಸ್.ಟಿ. ವಿಷಯದಲ್ಲಿ, ಪಾಲಿಕೆಯ ಕರ್ತವ್ಯಗಳಿಗೆ ಸಂಬಂಧಿಸಿದ ಬರಿಯ ಸೇವೆಗೆ ವಿನಾಯಿತಿ ಇದೆ. ಸಾಮಗ್ರಿ ಹೆಚ್ಚು ಸೇರಿದಾಗ ಲೆಕ್ಕ ಬದಲಾಗುತ್ತದೆ. ಇದನ್ನೂ ಬಲ್ಲವರಿಂದ ಖಚಿತಪಡಿಸಿಕೊಳ್ಳಬೇಕು.

ಅನುಭವದ ಪತ್ರ. ಹಲವು ಸಂಘಗಳು ಎಡವುವುದು ಇಲ್ಲಿಯೇ. ವರ್ಷಗಟ್ಟಲೆ ಬಡಾವಣೆಯ ಚರಂಡಿ ಸ್ವಚ್ಛಮಾಡಿಸಿರುತ್ತಾರೆ, ಆರೋಗ್ಯ ಶಿಬಿರ ನಡೆಸಿರುತ್ತಾರೆ. ಆದರೆ ಒಂದು ತುಂಡು ಕಾಗದವಿರುವುದಿಲ್ಲ. ಪ್ರತಿ ಕೆಲಸ ಮುಗಿದೊಡನೆ ವಾರ್ಡು ಆಫೀಸಿನಿಂದಲೋ ಶಾಲೆಯ ಮುಖ್ಯೋಪಾಧ್ಯಾಯರಿಂದಲೋ ಕೆಲಸದ ಹೆಸರು, ಅವಧಿ, ಖರ್ಚಾದ ಹಣ ಇವಿಷ್ಟನ್ನು ಬರೆದ ಪತ್ರ ಪಡೆದು ಇಟ್ಟುಕೊಳ್ಳಬೇಕು.

ಕಾರ್ಯಕಾರಿ ಸಮಿತಿಯ ಠರಾವು. ಈ ಟೆಂಡರಿಗೆ ಅರ್ಜಿ ಹಾಕುವುದೆಂದೂ, ಇಂಥವರು ಸಹಿ ಮಾಡತಕ್ಕದ್ದೆಂದೂ ನಿರ್ಣಯವಾಗಿರಬೇಕು. ಒಬ್ಬ ಕಾರ್ಯದರ್ಶಿ ತಾನೊಬ್ಬನೇ ಹಾಕಿದ ಸಹಿಯಿಂದ ಇಡೀ ಸಂಘ ಸಿಕ್ಕಿಬೀಳಬಾರದು.

ಈ ವಾಚನಾಲಯದಲ್ಲಿ ಒಂದೇ ಬೆಂಚಿನ ಮೇಲೆ ಎರಡು ಬಗೆಯ ಜನ ಕೂಡುತ್ತಾರೆ. ಒಬ್ಬರಿಗೆ ಕೆಲಸ ಗೊತ್ತು, ಕಾಗದ ಗೊತ್ತಿಲ್ಲ. ಇನ್ನೊಬ್ಬರು ಆಫೀಸಿನಲ್ಲಿ ಬೆಳಗಿನಿಂದ ಸಂಜೆಯ ತನಕ ಕಾಗದದಲ್ಲೇ ಮುಳುಗಿದವರು. ಕಾರಕೂನ ಬಾಂಧವರು ವಾರಕ್ಕೆ ಎರಡು ಸಂಜೆಗಳನ್ನು ಇದಕ್ಕೆ ಕೊಟ್ಟರೆ ಅದು ಚಂದಾ ಕೊಟ್ಟದ್ದಕ್ಕಿಂತ ದೊಡ್ಡ ಸೇವೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ಸುಳ್ಳಲ್ಲ. ಆದರೆ ಅದೇ ಪಾಲಿಕೆಯಲ್ಲಿ, ಅದೇ ವಿಭಾಗದಲ್ಲಿ ನೌಕರಿಯಲ್ಲಿರುವವರು ಈ ಕೆಲಸದಿಂದ ದೂರವಿರಬೇಕು. ಇಲ್ಲದಿದ್ದರೆ ಅವರ ನೌಕರಿಗೂ ಸಂಘದ ಹೆಸರಿಗೂ ಧಕ್ಕೆ.

5. ದರ ಹಾಕುವ ಲೆಕ್ಕ

ಈಗ ಪಾಠದ ಹೃದಯಕ್ಕೆ ಬರೋಣ. ಒಂದು ವಾರ್ಡಿನ ಶಾಲೆಗಳನ್ನು ಸ್ವಚ್ಛವಾಗಿಡಲು ಹತ್ತು ಜನ ಬೇಕೆಂದು ಇಟ್ಟುಕೊಳ್ಳೋಣ. ದಿನಗೂಲಿ 600 ರೂಪಾಯಿ, ತಿಂಗಳಿಗೆ 26 ದಿನ. ಈ 600 ಎಂಬುದು ಬರಿಯ ಲೆಕ್ಕ ಕಲಿಯುವುದಕ್ಕಾಗಿ. ನಿಜವಾದ ಅರ್ಜಿಯಲ್ಲಿ ಆಯಾ ಊರಿನ, ಆಯಾ ದಿನದ ಕನಿಷ್ಠ ವೇತನವನ್ನು ನೋಡಿ ಬರೆಯತಕ್ಕದ್ದು. ತಿಂಗಳ ಲೆಕ್ಕ ಹೀಗೆ:

ಹತ್ತು ಜನರ ಕೂಲಿ: 1,56,000
ಭವಿಷ್ಯನಿಧಿಗೆ ಸಂಘದ ಪಾಲು, ನೂರಕ್ಕೆ 12ರಂತೆ: 18,720
ಇ.ಎಸ್.ಐ.ಗೆ ಸಂಘದ ಪಾಲು, ನೂರಕ್ಕೆ 3.25ರಂತೆ: 5,070
ಬೋನಸಿಗೆ ತೆಗೆದಿಡುವುದು, ನೂರಕ್ಕೆ 8.33ರಂತೆ: 12,995
ರಜೆಯ ಬದಲಿ ಕೂಲಿ, ತಲಾ ಒಂದೂವರೆ ದಿನ: 9,000
ಪೊರಕೆ, ಫಿನೈಲು, ಕೈಗವಸು, ಬೂಟು: 12,000
ಮೇಲ್ವಿಚಾರಣೆ, ಲೆಕ್ಕಪತ್ರ: 18,000
ಕೂಡಿಸಿದರೆ: 2,31,785
ಅಡಚಣೆಗೆಂದು ನೂರಕ್ಕೆ 5: 11,589
ಒಟ್ಟು: 2,43,374

ನೋಡಿರಿ, ಕೂಲಿ ಒಂದು ಲಕ್ಷ ಐವತ್ತಾರು ಸಾವಿರವಾದರೆ ಖರ್ಚು ಎರಡು ಲಕ್ಷ ನಲವತ್ತಮೂರು ಸಾವಿರ. ಅಂದರೆ ಕೂಲಿಯ ಒಂದೂವರೆ ಪಟ್ಟಿಗೂ ಹೆಚ್ಚು. ಲಾಭದ ಒಂದು ಕಾಸೂ ಇದರಲ್ಲಿ ಸೇರಿಲ್ಲ. ಇದೇ ಕೆಲಸಕ್ಕೆ ಯಾರಾದರೂ 1,70,000 ಎಂದು ದರ ಬರೆದರೆ ಉಳಿದ ಹಣ ಎಲ್ಲಿ ಕಡಿತವಾಯಿತು? ಫಿನೈಲಿನಲ್ಲಿ ಉಳಿಸಬಹುದಾದದ್ದು ಕೆಲವು ಸಾವಿರ. ಮಿಕ್ಕದ್ದು ಭವಿಷ್ಯನಿಧಿ ಕಟ್ಟದೆ, ಹತ್ತು ಜನರ ಕೆಲಸವನ್ನು ಏಳು ಜನರಿಂದ ಮಾಡಿಸಿ, ಕೂಲಿ ಕೊಟ್ಟು ಅರ್ಧ ಹಿಂದಕ್ಕೆ ಇಸಿದುಕೊಂಡು ಉಳಿಸಿದ್ದು. ಅಂಥ ದರದೊಡನೆ ಪೈಪೋಟಿ ಮಾಡಲು ಹೋದರೆ ಸಂಘವೂ ಅದೇ ದಾರಿ ಹಿಡಿಯಬೇಕಾಗುತ್ತದೆ. ಆಗ ಗುತ್ತಿಗೆದಾರನ ಜಾಗದಲ್ಲಿ ನಾವು ಕೂತಂತಾಯಿತೇ ಹೊರತು ಗುತ್ತಿಗೆದಾರ ಹೋದಂತಾಗಲಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಪಾಲಿಕೆಯ ಬಿಲ್ಲು ಮೂರು ತಿಂಗಳು ತಡವಾಯಿತೆನ್ನಿ. ಕೂಲಿಯನ್ನು ತಡಮಾಡುವಂತಿಲ್ಲ, ದಿನಗೂಲಿಯ ಮನೆಯಲ್ಲಿ ಮೂರು ತಿಂಗಳ ಅಕ್ಕಿ ಇರುವುದಿಲ್ಲ. ಆದುದರಿಂದ ಸಂಘದ ಕೈಯಲ್ಲಿ ಮೊದಲೇ ಸುಮಾರು ಏಳು ಲಕ್ಷ ರೂಪಾಯಿ ಇರಬೇಕು. ವರ್ಷದ ಒಟ್ಟು ಮೊತ್ತ 29 ಲಕ್ಷಕ್ಕೆ ಭದ್ರತಾ ಠೇವಣಿ ನೂರಕ್ಕೆ 5 ಎಂದರೂ ಇನ್ನು ಒಂದೂವರೆ ಲಕ್ಷ. ಕೂಡಿ ಎಂಟೂವರೆ ಲಕ್ಷ. ಇಷ್ಟು ಹಣಕ್ಕೆ ದಾರಿಯಿಲ್ಲದ ಸಂಘ ಈ ಟೆಂಡರಿಗೆ ಕೈಹಾಕಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಸಣ್ಣ ಕೆಲಸ ಹಿಡಿಯಬಹುದು, ಇಲ್ಲವೆ ಎರಡು ಮೂರು ಸಂಘಗಳು ಬರೆದ ಕರಾರಿನೊಡನೆ ಕೂಡಿ ಅರ್ಜಿ ಹಾಕಬಹುದು. ಟೆಂಡರು ಅದಕ್ಕೆ ಅವಕಾಶ ಕೊಟ್ಟಿದ್ದರೆ ಮಾತ್ರ. ಕೆಲಸ ಕೈಗೆ ಬರುವ ಮೊದಲೇ ಯಂತ್ರ, ಗಾಡಿ ಕೊಂಡಿಡುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ.

6. ‘ಸೇವೆ’ ಎಂಬ ಹೆಸರಿನ ಅಪಾಯ

ಸೇವಾ ಸಂಸ್ಥೆಗಳು ಬಂದರೆ ಕಾರ್ಮಿಕನಿಗೆ ಒಳ್ಳೆಯದೇ ಆಗುತ್ತದೆಂದು ಕಣ್ಣು ಮುಚ್ಚಿ ನಂಬುವಂತಿಲ್ಲ. ಮುಂಬಯಿಯಲ್ಲಿ ಕಸ ಎತ್ತುವ ಕೆಲಸ ಗುತ್ತಿಗೆಗೆ ಹೋದಾಗ ಗುತ್ತಿಗೆದಾರನಿಗೆ ‘ಸ್ವಯಂಸೇವಾ ಸಂಸ್ಥೆ’ ಎಂದೂ, ಕಾರ್ಮಿಕನಿಗೆ ‘ಸ್ವಯಂಸೇವಕ’ ಎಂದೂ, ಕೂಲಿಗೆ ‘ಮಾನಧನ’ ಎಂದೂ ಹೆಸರಿಟ್ಟದ್ದುಂಟು. ಹೆಸರು ಬದಲಾದ ಮಾತ್ರಕ್ಕೆ ಕಸದ ಭಾರ ಕಡಿಮೆಯಾಗಲಿಲ್ಲ. ಕಡಿಮೆಯಾದದ್ದು ಕಾರ್ಮಿಕನ ಹಕ್ಕು. ಕಚರಾ ವಾಹತೂಕ ಶ್ರಮಿಕ ಸಂಘ ಎಂಬ ಯೂನಿಯನ್ನು ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿತು. 2017ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಸುಮಾರು 2,700 ಕಾರ್ಮಿಕರನ್ನು ಪಾಲಿಕೆಯ ಖಾಯಂ ಕಾರ್ಮಿಕರೆಂದು ಒಪ್ಪಬೇಕೆಂಬ ತೀರ್ಪನ್ನು ಎತ್ತಿಹಿಡಿಯಿತು.

ಇದಕ್ಕೂ ಹಿಂದೆ, 1982ರಲ್ಲಿ, ದಿಲ್ಲಿಯ ಏಷ್ಯನ್ ಕ್ರೀಡೆಗಳ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ ಅದೇ ಕೋರ್ಟು ಒಂದು ದೊಡ್ಡ ತತ್ತ್ವವನ್ನು ಹೇಳಿತ್ತು: ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ಅನುಚ್ಛೇದ ನಿಷೇಧಿಸಿದ ಬಲಾತ್ಕಾರದ ದುಡಿಮೆಯಾಗುತ್ತದೆ. ‘ಒಪ್ಪಿಯೇ ಬಂದಿದ್ದಾನಲ್ಲ’ ಎಂಬ ಸಬೂಬು ನಡೆಯದು. ಹಸಿವೆಯೂ ಒಂದು ಬಲಾತ್ಕಾರವೇ. ಟೆಂಡರು ಹಾಕುವ ಪ್ರತಿ ಸಂಘದ ಗೋಡೆಯ ಮೇಲೆ ಈ ಮಾತು ಇರತಕ್ಕದ್ದು. ಸದಸ್ಯರು ಸ್ವಂತ ಇಚ್ಛೆಯಿಂದ ರವಿವಾರ ಬಂದು ಬೀದಿ ಗುಡಿಸಿದರೆ ಅದು ಸೇವೆ. ದಿನವೂ ಎಂಟು ತಾಸು, ಹಾಜರಿ ಹಾಕಿ ಗುಡಿಸಿದರೆ ಅದು ಕೆಲಸ; ಕೆಲಸಕ್ಕೆ ಕೂಲಿಯೇ ಸಲ್ಲಬೇಕು.

7. ಶರತ್ತೇ ಅಡ್ಡಬಂದಾಗ

ಕೆಲವು ಟೆಂಡರುಗಳಲ್ಲಿ ಸಣ್ಣ ಸಂಘಗಳು ಒಳಗೆ ಬಾರದಂತೆ ಶರತ್ತುಗಳಿರುತ್ತವೆ. ಆಗ ಗೊಣಗಿ ಸುಮ್ಮನಾಗಬೇಕಿಲ್ಲ.

ಅಂಗನವಾಡಿ ಮಕ್ಕಳ ಆಹಾರದ ಕಥೆ ಇದಕ್ಕೆ ನಿದರ್ಶನ. ಈ ಆಹಾರದ ಪೂರೈಕೆಗೆ ಗುತ್ತಿಗೆದಾರರನ್ನು ಬಳಸಬಾರದು, ಗ್ರಾಮ ಸಮುದಾಯ, ಸ್ವಸಹಾಯ ಗುಂಪು, ಮಹಿಳಾ ಮಂಡಲಗಳ ಮೂಲಕ ನಡೆಸುವುದು ಉತ್ತಮ ಎಂದು 2004ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. ಆದರೂ ಮಹಾರಾಷ್ಟ್ರದಲ್ಲಿ 2016ರಲ್ಲಿ ಹೊರಟ ಟೆಂಡರಿನಲ್ಲಿ ಅನೇಕ ಪ್ರದೇಶಗಳನ್ನು ಒಂದೊಂದು ದೊಡ್ಡ ಗುಂಪಾಗಿ ಸೇರಿಸಿ, ದೊಡ್ಡ ವಹಿವಾಟಿನ ಶರತ್ತುಗಳನ್ನು ಹಾಕಲಾಗಿತ್ತು. ಹೆಸರಿಗೆ ಮಹಿಳಾ ಬಚತ್ ಗಟಗಳಿಗೆ ಅವಕಾಶ. ಆದರೆ ನಿಜವಾದ ಸಣ್ಣ ಗುಂಪಿಗೆ ಎಟುಕದ ಎತ್ತರ. ವೈಷ್ಣೋರಾಣಿ ಮಹಿಳಾ ಬಚತ್ ಗಟ ಎಂಬ ಗುಂಪು ಸುಪ್ರೀಂ ಕೋರ್ಟಿನ ತನಕ ಹೋಯಿತು. 2019ರ ಫೆಬ್ರವರಿಯಲ್ಲಿ ಕೋರ್ಟು ಆ ಟೆಂಡರನ್ನು ರದ್ದುಮಾಡಿ ಹೊಸದಾಗಿ ಕರೆಯಲು ಹೇಳಿತು.

ಎಲ್ಲರೂ ಕೋರ್ಟಿಗೆ ಹೋಗಲಾರರು, ಹೋಗಬೇಕಾಗಿಯೂ ಇಲ್ಲ. ಅದಕ್ಕಿಂತ ಹತ್ತಿರದ ಬಾಗಿಲುಗಳಿವೆ. ಅನೇಕ ಟೆಂಡರುಗಳಲ್ಲಿ ಅರ್ಜಿಗೆ ಮುಂಚೆ ಒಂದು ಸಭೆ ಕರೆಯುತ್ತಾರೆ. ಅದಕ್ಕೆ ಹೋಗಿ ಬರವಣಿಗೆಯಲ್ಲಿ ಪ್ರಶ್ನೆ ಕೇಳಬಹುದು. ‘ಕೋಟಿ ರೂಪಾಯಿ ವಹಿವಾಟು ಕೇಳಿದ್ದೀರಿ, ಕೆಲಸವೇ 29 ಲಕ್ಷದ್ದು. ವಾರ್ಡಿಗೊಂದರಂತೆ ಬೇರೆ ಮಾಡಿರಿ’ ಎಂದು ಸವಿನಯವಾಗಿ ಬರೆದುಕೊಟ್ಟರೆ, ಅಧಿಕಾರಿಗಳು ಉತ್ತರ ಕೊಡಬೇಕಾಗುತ್ತದೆ. ಕೆಲವು ಸಲ ಶರತ್ತು ತಿದ್ದುವುದೂ ಉಂಟು. 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಹಿಂದಿನ ವರ್ಷ ಈ ಕೆಲಸ ಯಾರಿಗೆ, ಯಾವ ದರಕ್ಕೆ ಹೋಯಿತು, ಎಷ್ಟು ದಂಡ ವಸೂಲಾಯಿತು ಎಂಬುದನ್ನು ಅರ್ಜಿ ಬರೆದು ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಸಿಗಬೇಕು. ಈ ಒಂದು ಉತ್ತರ ಕೈಯಲ್ಲಿದ್ದರೆ ಮುಂದಿನ ವರ್ಷದ ದರವನ್ನು ಕತ್ತಲಲ್ಲಿ ಹಾಕುವ ಪ್ರಮೇಯವಿಲ್ಲ. 2016ರ ಘನತ್ಯಾಜ್ಯ ನಿಯಮಗಳು ಕಸ ಆಯುವವರ ಸಂಘಟನೆಗಳನ್ನು ಗುರುತಿಸಿ ಈ ಕೆಲಸದಲ್ಲಿ ಸೇರಿಸಿಕೊಳ್ಳಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ಹೇಳಿದ್ದವು. ಬೆಂಗಳೂರಿನಲ್ಲಿ ‘ಹಸಿರು ದಳ’ದಂಥ ಸಂಸ್ಥೆಯ ನೆರವಿನಿಂದ ಕಸ ಆಯುವವರೇ ವಾರ್ಡಿನ ಒಣಕಸ ಕೇಂದ್ರಗಳನ್ನು ನಡೆಸಿದ್ದು ಇಂಥ ಮಾನ್ಯತೆಯ ಫಲವೇ. ಕೇಳುವವರಿದ್ದರೆ ನಿಯಮಕ್ಕೆ ಜೀವ.

8. ಬೇಡ ಎನ್ನತಕ್ಕ ಸಮಯ

ಮೂರು ಸಂದರ್ಭಗಳಲ್ಲಿ ಅರ್ಜಿ ಹಾಕದಿರುವುದೇ ಬುದ್ಧಿವಂತಿಕೆ. ಪ್ರಾಮಾಣಿಕ ಲೆಕ್ಕದ ದರವು ಪಾಲಿಕೆಯ ಅಂದಾಜು ಮೊತ್ತಕ್ಕಿಂತ ಹೆಚ್ಚಾದಾಗ. ಮೂರು ತಿಂಗಳ ಕೂಲಿಗೆ ಹಣದ ದಾರಿ ಇಲ್ಲದಾಗ. ‘ನಿಮ್ಮ ಸಂಘದ ಹೆಸರು ಮಾತ್ರ ಕೊಡಿ, ಕೆಲಸ ನಾವು ನೋಡಿಕೊಳ್ಳುತ್ತೇವೆ’ ಎಂದು ಯಾರಾದರೂ ಬಂದಾಗ. ಮೂರನೆಯದು ಎಲ್ಲಕ್ಕಿಂತ ಅಪಾಯದ್ದು. ನೋಂದಣಿ ಪತ್ರ ಬಾಡಿಗೆಗೆ ಕೊಟ್ಟ ಸಂಘ, ಕಾರ್ಮಿಕರ ಭವಿಷ್ಯನಿಧಿ ಬಾಕಿ ಉಳಿದಾಗ ತಾನೇ ಜವಾಬು ಕೊಡಬೇಕಾಗುತ್ತದೆ. ಬಂದವನು ಆಗ ಊರಲ್ಲಿರುವುದಿಲ್ಲ.

ಗೆದ್ದ ಮೇಲೆ ಮಾಡಬೇಕಾದದ್ದನ್ನು ಎರಡು ಮಾತಿನಲ್ಲಿ ಹೇಳಬಹುದು. ಕೂಲಿ ಬ್ಯಾಂಕಿನ ಮೂಲಕವೇ ಕೊಡಬೇಕು. ದರ, ಕೂಲಿ, ಬಂದ ಬಿಲ್ಲು ಇವುಗಳ ಲೆಕ್ಕವನ್ನು ತಿಂಗಳಿಗೊಮ್ಮೆ ಕನ್ನಡದಲ್ಲಿ ಬರೆದು ಕಾರ್ಮಿಕರ ಎದುರಿಗೆ ಓದಬೇಕು. ಲೆಕ್ಕ ಬಚ್ಚಿಟ್ಟ ಕಡೆ ಅನುಮಾನ ಹುಟ್ಟುತ್ತದೆ. ಅನುಮಾನ ಹುಟ್ಟಿದ ಕಡೆ ಸಂಘ ಒಡೆಯುತ್ತದೆ.

ಅಭ್ಯಾಸ

1. ಈ ವಾರದ ಪತ್ರಿಕೆಯಲ್ಲಿ ಪಾಲಿಕೆಯ ಒಂದು ಸೇವಾ ಟೆಂಡರು ಹುಡುಕಿ, ಮೇಲೆ ಹೇಳಿದ ಐದು ಪ್ರಶ್ನೆಗಳಿಗೆ ಉತ್ತರ ಬರೆಯಿರಿ.

2. ನಿಮ್ಮ ಊರಿನ ಇಂದಿನ ಕನಿಷ್ಠ ವೇತನವನ್ನು ತಿಳಿದುಕೊಂಡು, ಹತ್ತು ಜನರ ಬದಲು ಆರು ಜನರಿಗೆ ತಿಂಗಳ ಲೆಕ್ಕ ಹಾಕಿರಿ.

3. ನಿಮ್ಮ ಸಂಘದ ಕಪಾಟಿನಲ್ಲಿ ನಾಲ್ಕನೆಯ ಭಾಗದಲ್ಲಿ ಹೇಳಿದ ಕಾಗದಗಳಲ್ಲಿ ಯಾವುವು ಇವೆ, ಯಾವುವು ಇಲ್ಲ ಎಂಬುದನ್ನು ಪಟ್ಟಿಮಾಡಿರಿ.

4. ನೀವು ಈಗ ಗುತ್ತಿಗೆದಾರನ ಕೈಕೆಳಗೆ ದುಡಿಯುತ್ತಿದ್ದರೆ, ಭವಿಷ್ಯನಿಧಿಯ ನಿಮ್ಮ ಖಾತೆಯಲ್ಲಿ ಪ್ರತಿ ತಿಂಗಳೂ ಹಣ ಜಮೆಯಾಗುತ್ತಿದೆಯೇ ಎಂಬುದನ್ನು ನೋಡಿಕೊಳ್ಳಿರಿ. ನೋಡಲು ಬಾರದಿದ್ದರೆ ಪಕ್ಕದ ಬೆಂಚಿನ ಕಾರಕೂನ ಬಾಂಧವರನ್ನು ಕೇಳಿರಿ.

ನಾಲ್ಕನೆಯದನ್ನು ಮೊದಲು ಮಾಡಿದರೂ ನಮ್ಮ ಆಕ್ಷೇಪವಿಲ್ಲ.